ಮಂಕಿ ಟೋಪಿಯ ಕಾಲದಲ್ಲಿ ಕಿವಿ ಚುಚ್ಚಿಸಿಕೊಂಡೆ

ಹೊರಗೆ ಗಂಡಸಾಗಿಯೇ ಇದ್ದು, ಗುಟ್ಟಾಗಿ ಹೆಣ್ಣುಡುಗೆ ತೊಡುವವರಲ್ಲಿ ನಾನೂ ಒಬ್ಬ. ಎರಡೂ ಕಿವಿಯಲ್ಲಿ ತೂತು ಬಂದು ಎರಡು ವರ್ಷ ದಾಟಿತು. ಜುಮ್ಕಿ ಹಾಕಿದರೆ ನಿಲ್ಲುತ್ತದೆ. ತೋಟದಲ್ಲಿ ಇವತ್ತಿನವರೆಗೆ ಯಾರಿಗೂ ಅನುಮಾನ ಬಂದಿಲ್ಲ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಹಿಡಿದು ನಿಂತರೆ ಐವತ್ತು ಅರವತ್ತು ಜನ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಇಂಥ ಜಾಗದಲ್ಲಿ ಇದು ಆಗುವ ಕೆಲಸವಲ್ಲ ಅಂತ ನಮ್ಮವರೇ ಹೇಳಿದ್ದರು. ಬೆಂಗಳೂರಿನ ಗೆಳತಿ ಒಬ್ಬಳು, ಹಗಲು ಅವಳೂ ನನ್ನ ಹಾಗೆ ಪ್ಯಾಂಟು ಶರ್ಟಿನಲ್ಲೇ ಇರುವವಳು, "ನಿಮ್ಮೂರಲ್ಲಿ ಬೇಡ ಕಣೇ, ಸುಮ್ನೆ ಕ್ಲಿಪ್ಪಲ್ಲೇ ಇರು" ಅಂದಳು. ಇನ್ನೊಬ್ಬರು ಮೇ ತಿಂಗಳ ಕುಂಡೆ ಹಬ್ಬದ ದಾರಿ ತೋರಿಸಿದರು. ದೇವರಪುರದ ಆ ಹಬ್ಬಕ್ಕೆ ಗಂಡಸರು ಹೆಣ್ಣು ವೇಷ ಹಾಕಿ ಬೀದಿಯಲ್ಲಿ ಕುಣಿಯುತ್ತಾರೆ, ಅವತ್ತು ಯಾರೂ ಏನೂ ಕೇಳಲ್ಲ, ಓಲೆ ಹಾಕಿಕೋ ಅಂತ. ಅದು ಜೇನುಕುರುಬರು, ಯರವರು ದೇವರಿಗೆ ಒಪ್ಪಿಸುವ ಹರಕೆ. ಅದರ ಮರೆಯಲ್ಲಿ ನನ್ನ ಆಸೆ ತೀರಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ವರ್ಷಕ್ಕೆ ಒಂದು ದಿನ ಸಾಕಾಗುವ ಆಸೆಯೂ ಅಲ್ಲ ಇದು.

ಹೆಂಡತಿಗೆ ನನ್ನ ವಿಷಯ ಗೊತ್ತು. ಮದುವೆಗೆ ಮೊದಲೇ ಹೇಳಿದ್ದೆ. ಹಾಗಾಗಿ ಮನೆಯೊಳಗೆ ಬಚ್ಚಿಡುವುದು ಏನೂ ಇರಲಿಲ್ಲ, ತಲೆನೋವು ಇದ್ದದ್ದು ಹೊರಗೆ.

ಕ್ಲಿಪ್ಪು ಅಂದರೆ ತೂತಿಲ್ಲದೆ ಕಿವಿಯ ಹಾಲೆಗೆ ಕಚ್ಚಿಸುವ ಓಲೆ, ಅದರ ಕಥೆ ನಿಮಗೆಲ್ಲ ಗೊತ್ತೇ ಇದೆ. ಒಂದು ಗಂಟೆಯಲ್ಲಿ ಹಾಲೆ ಕೆಂಪಾಗುತ್ತದೆ, ಜುಮ್ಕಿಯ ಭಾರಕ್ಕೆ ಮುಂದಕ್ಕೆ ಬಾಗುತ್ತದೆ. ಮ್ಯಾಗ್ನೆಟ್ಟಿನದು ವಿಗ್ ಸರಿಮಾಡುವಾಗಲೇ ಉದುರುತ್ತದೆ. ಅದಕ್ಕೇ ಸುಮಾರು 1,000 ರೂಪಾಯಿ ಹೋಯಿತು.

ಮೊದಲ ಸಲ ಚುಚ್ಚಿಸಿದ್ದು ಒಂದು ಪಾರ್ಲರಿನಲ್ಲಿ, ಕಿವಿ ಚುಚ್ಚುವ ಗನ್ನಿನಿಂದ. ಜುಲೈ ತಿಂಗಳು. ಕೊಡಗಿನ ಮಳೆಗೆ ಇಡೀ ದಿನ ರೇನ್‌ಕೋಟಿನ ಟೋಪಿ ತಲೆ ಮೇಲೇ ಇರುತ್ತದೆ, ಕಿವಿ ಯಾರಿಗೂ ಕಾಣಲ್ಲ ಅನ್ನುವುದು ಲೆಕ್ಕ. ಕಾಣಲಿಲ್ಲ ನಿಜ. ಆದರೆ ಗನ್ನಿನಲ್ಲಿ ಸೂಜಿ ಇರುವುದಿಲ್ಲ ಅಲ್ವಾ, ಮೊಂಡು ಓಲೆಯನ್ನೇ ಒತ್ತಿ ತೂರಿಸುತ್ತದೆ. ಹಿಂದಿನ ಚಿಟ್ಟೆ ಹಿಡಿಕೆ ಹಾಲೆಯನ್ನು ಕಚ್ಚಿ ಕೂತಿತು. ಊದಿಕೊಳ್ಳಲು ಜಾಗವೇ ಇಲ್ಲ. ಓಲೆಯ ಲೋಹದಲ್ಲಿ ನಿಕ್ಕಲ್ ಇತ್ತು ಅಂತ ಕಾಣುತ್ತದೆ, ತುರಿಕೆ ಬೇರೆ. ರೇನ್‌ಕೋಟಿನೊಳಗೆ ಬೆವರು, ಹೊರಗೆ ಮಳೆ, ಮನೆಯಲ್ಲಿ ಒಲೆಯ ಮೇಲೆ ಹಾಕಿದರೂ ಒಣಗದ ಟವೆಲ್. ವಾರದೊಳಗೆ ಹಳದಿ ನೀರು, ಆಮೇಲೆ ಕೀವು. ಕೀವು ಆದಾಗ ಓಲೆಯನ್ನು ನೀವೇ ಕಿತ್ತು ಹಾಕಬೇಡಿ. ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಉಳಿಯಬಹುದು. ಡಾಕ್ಟರಿಗೆ ತೋರಿಸಿ. ನಾನು ತೋರಿಸಿದೆ. ಚುಚ್ಚಿಸಿದ್ದಕ್ಕೆ 400, ಡಾಕ್ಟರು ಮತ್ತು ಮಾತ್ರೆಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಕೊನೆಗೆ ಓಲೆ ತೆಗೆಯಬೇಕಾಯಿತು, ತೂತು ಮುಚ್ಚಿತು.

ಎರಡನೇದು ಅಕ್ಕಸಾಲಿಗರ ಕೈ. ಇಪ್ಪತ್ತೆರಡು ಕ್ಯಾರೆಟ್ ಚಿನ್ನದ ತಂತಿಯನ್ನೇ ಚೂಪು ಮಾಡಿ ಚುಚ್ಚಿ, ಅಲ್ಲೇ ಬಗ್ಗಿಸಿ ರಿಂಗ್ ಮಾಡಿದರು. ಕೆಲಸ ಚೊಕ್ಕ. ಎರಡೂ ಸೇರಿ ಒಂದು ಗ್ರಾಂ ಇದ್ದಿರಬಹುದು, ಕೂಲಿ ಸೇರಿ 6,000ದ ಹತ್ತಿರ ಆಯಿತು. ತುರಿಕೆ ಇಲ್ಲ, ಕೀವಿಲ್ಲ. ಆದರೆ ಚಿನ್ನ ಮಿನುಗುತ್ತದೆ. ಮರುದಿನವೇ ಸಾಲಿನಲ್ಲಿದ್ದ ಒಬ್ಬ ಮುದುಕ, "ಏನ್ ರೈಟ್ರೇ, ಒಂಟಿ ಹಾಕ್ಸಿದ್ರಾ?" ಅಂದ. ಅವನ ಕಿವಿಯಲ್ಲೂ ಹಳೆ ಒಂಟಿ ಇತ್ತು, ಪ್ರೀತಿಯಿಂದಲೇ ಕೇಳಿದ. ಹರಕೆ ಇತ್ತು ಅಂದೆ. ಸಾಹುಕಾರರು ಏನೂ ಹೇಳಲಿಲ್ಲ, ಆದರೆ ಮಾತಾಡುವಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹರಕೆ ತೀರಿತು ಅಂತ ಹೇಳಿ ತೆಗೆದೆ. ತೂತು ಮುಚ್ಚದಿರಲಿ ಅಂತ ಅತ್ತೆ ಮನೆ ಕಡೆಯ ಅಜ್ಜಿಯೊಬ್ಬರ ಮಾತು ಕೇಳಿ ಬೇವಿನ ಕಡ್ಡಿ ಹಾಕಿದೆವು, ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ. ಬಯಲುಸೀಮೆಯ ಒಣ ಹವೆಗೆ ಬೇವಿನ ಕಡ್ಡಿ ಸರಿ ಇರಬಹುದು. ಇಲ್ಲಿ ಅದು ತೇವ ಎಳೆದುಕೊಂಡು ಉಬ್ಬಿತು. ಅರಿಶಿನದ ಕಲೆಯಂತೂ ಚಿನ್ನಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ, ಸೋಪು ಹಾಕಿದರೂ ಹೋಗಲ್ಲ. ಆ ತೂತೂ ಮುಚ್ಚಿತು. ರಿಂಗ್ ಹೆಂಡತಿಯ ಡಬ್ಬಿಯಲ್ಲಿದೆ, ಆ ದುಡ್ಡು ನಷ್ಟ ಅಲ್ಲ.

ಆ ಮುದುಕನ ಪ್ರಶ್ನೆಯಿಂದಲೇ ನನಗೆ ದಾರಿ ಹೊಳೆದದ್ದು. ನಮ್ಮ ಕಡೆ ಗಂಡು ಮಕ್ಕಳಿಗೂ ಚಿಕ್ಕಂದಿನಲ್ಲಿ ಕಿವಿ ಚುಚ್ಚಿಸುತ್ತಾರೆ. ನನಗೂ ಚುಚ್ಚಿಸಿದ್ದರು, ಶಾಲೆಗೆ ಸೇರುವ ಹೊತ್ತಿಗೆ ಮುಚ್ಚಿಹೋಗಿತ್ತು, ಸಾಸಿವೆಯಷ್ಟು ಗುಳಿ ಮಾತ್ರ ಉಳಿದಿತ್ತು. ಚೆಕ್‌ರೋಲ್ ಕರೆಯುವಾಗ ಗಂಡಸರ ಕಿವಿ ನೋಡತೊಡಗಿದೆ. ತುಂಬಾ ಜನಕ್ಕೆ ಆ ಗುರುತು ಇದೆ! ಯಾರೂ ಅದನ್ನು ಗಮನಿಸುವುದಿಲ್ಲ. ಅಂದರೆ ತೂತನ್ನು ಬಚ್ಚಿಡುವ ಅಗತ್ಯವೇ ಇಲ್ಲ. ಬಚ್ಚಿಡಬೇಕಾದದ್ದು ಗಾಯ ಮಾಯುವವರೆಗೆ ಒಳಗೆ ಇರಬೇಕಾದ ಲೋಹವನ್ನು. ಹಾಲೆಯ ಗಾಯ ಮೇಲ್ನೋಟಕ್ಕೆ ಮಾಯಲು ಆರರಿಂದ ಎಂಟು ವಾರ ಬೇಕು. ಕೊಡಗಿನಲ್ಲಿ ಗಂಡಸು ಎಂಟು ವಾರ ಕಿವಿ ಮುಚ್ಚಿಕೊಂಡು ಓಡಾಡಿದರೆ ಯಾರಿಗೂ ವಿಚಿತ್ರ ಅನ್ನಿಸದ, ಮಳೆಯೂ ಇಲ್ಲದ ಕಾಲ ಒಂದೇ. ಮಂಕಿ ಟೋಪಿಯ ಕಾಲ.

ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರುತ್ತಾರೆ, ಅದು ಮುಗಿಯಲಿ ಅಂತ ಕಾದು ಡಿಸೆಂಬರಿನಲ್ಲಿ ಮೈಸೂರಿಗೆ ಹೋದೆ. ಬಸ್ಸಿನಲ್ಲಿ ಮೂರು ಗಂಟೆ ಹತ್ತಿರ. ಸೂಜಿಯಲ್ಲೇ ಚುಚ್ಚುವ ಸ್ಟುಡಿಯೋ. ಹುಡುಗ ಹಾಲೆಯನ್ನು ಬೆರಳಲ್ಲಿ ಒತ್ತಿ ನೋಡಿ, ಹಳೆ ಗಾಯದ ಜಾಗ ಗಟ್ಟಿಯಾಗಿದೆ, ಕೂದಲೆಳೆಯಷ್ಟು ಪಕ್ಕಕ್ಕೆ ಚುಚ್ಚುತ್ತೇನೆ ಅಂದ. ಗಾಯ ಆದಲ್ಲೆಲ್ಲ ಗಂಟು ಕಟ್ಟುವ ಮೈ ಇದೆಯಾ, ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತಲೂ ಕೇಳಿದ. ಇದ್ದರೆ ಈ ಆಸೆ ಬಿಡುವುದೇ ಒಳ್ಳೆಯದು. ನನಗಿಲ್ಲ. 18 ಗೇಜ್ ಸೂಜಿ, ಅಂದರೆ ಒಂದು ಮಿಲಿಮೀಟರ್. ಗೇಜಿನ ಅಂಕಿ ಇಳಿದಷ್ಟೂ ಸೂಜಿ ದಪ್ಪ. ನಮ್ಮ ತಿರುಪಿನ ಓಲೆಗಳ ಕಡ್ಡಿ ದಪ್ಪ, 16 ಗೇಜ್ ಆಗಿದ್ದರೆ ಸಲೀಸಾಗಿ ಹೋಗುತ್ತಿತ್ತು. ಆದರೆ ತೂತು ದೊಡ್ಡದಾಗಿ ಕಾಣುತ್ತದೆ. ಸಣ್ಣದನ್ನೇ ಆರಿಸಿದೆ, ತಿರುಪಿಗೆ ಈಗ ಒಂದು ಹನಿ ಎಣ್ಣೆ ಸವರುತ್ತೇನೆ.

ಓಲೆ ಟೈಟಾನಿಯಂ, ಹಿಂದೆ ಚಪ್ಪಟೆ ಬಿಲ್ಲೆ, ಮುಂದೆ ಎರಡು ಮಿಲಿಮೀಟರಿನ ಗುಂಡು. ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಇಲ್ಲಿದೆ. ಟೈಟಾನಿಯಂಗೆ ಕರೆಂಟು ಹಾಯಿಸಿ ಬಣ್ಣ ಬರಿಸುತ್ತಾರೆ, ಮೇಲೆ ಬಳಿಯುವುದು ಏನೂ ಇಲ್ಲ. ಎಲ್ಲರೂ ನೀಲಿ, ನೇರಳೆ ಕೇಳುತ್ತಾರಂತೆ. ನಾನು ಕಂಚಿನ ಬಣ್ಣ ಕೇಳಿದೆ. ಕಡಿಮೆ ವೋಲ್ಟೇಜಿಗೆ ಆ ಕಂದು ಬರುತ್ತದೆ. ನನ್ನ ಚರ್ಮದ ಮೇಲೆ ಅದು ಮಚ್ಚೆಯೋ ಅನ್ನಬೇಕು, ಎರಡು ಮಾರು ದೂರದಿಂದ ಕಾಣುವುದೇ ಇಲ್ಲ. ಆ ಹುಡುಗನೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಚುಚ್ಚಿದ್ದಕ್ಕೆ 1,500, ಒಂದು ಜೊತೆ ಓಲೆಗೆ 3,000 ಚಿಲ್ಲರೆ ಆಯಿತು.

ಮಂಕಿ ಟೋಪಿಯನ್ನು ಹಾಗೇ ಹಾಕಿಕೊಂಡರೆ ಉಣ್ಣೆಯ ಎಳೆ ಹಕ್ಕಳೆಗೆ ಅಂಟುತ್ತದೆ, ಓಲೆಗೆ ಸಿಕ್ಕಿ ಎಳೆಯುತ್ತದೆ. ಹೆಂಡತಿ ನನ್ನ ಹಳೆ ಪಂಚೆ ಕತ್ತರಿಸಿ ಟೋಪಿಯ ಒಳಗೆ ಕಿವಿಯ ಜಾಗಕ್ಕೆ ಎರಡು ತುಂಡು ಹಾಕಿದಳು. ಹೊಲಿಗೆಯನ್ನು ಉಣ್ಣೆಯ ಕಡೆಗೆ ಬರುವ ಹಾಗೆ ಮಾಡಿದಳು, ಕಿವಿಗೆ ತಾಗುವ ಕಡೆ ಒಂದು ದಾರದ ಕುಣಿಕೆಯೂ ಇಲ್ಲ. ಗುಂಡಿಯಲ್ಲಿ ಸಿಕ್ಕಿಸುವುದರಿಂದ ಬಿಚ್ಚಿ ಒಗೆಯಬಹುದು. ನಾಲ್ಕು ಜೊತೆ ಇದ್ದವು, ದಿನಾ ಒಗೆದು ಇಸ್ತ್ರಿ ಹಾಕಿ ಒಣಗಿಸಿದ್ದು. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ, ಖರ್ಚು ಸೊನ್ನೆ. ಬಿಸಿಲೇರಿದ ಮೇಲೆ ಟೋಪಿ ತೆಗೆದು ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಕುಯ್ಲಿನ ಕಾಲ, ಕಣದಲ್ಲಿ ಕಾಫಿ ಹರವುವಾಗ ಧೂಳಿಗೆ ಎಲ್ಲರೂ ಸುತ್ತಿಕೊಂಡೇ ಇರುತ್ತಾರೆ. ರೈಟರ ಕಿವಿ ನೋಡಲು ಆಗ ಯಾರಿಗೂ ಪುರಸೊತ್ತಿಲ್ಲ.

ತೊಳೆಯುವುದಕ್ಕೆ ಮೆಡಿಕಲ್ ಸ್ಟೋರಿನ ಸಲೈನ್, ದಿನಕ್ಕೆ ಎರಡು ಹೊತ್ತು. ಸ್ಪಿರಿಟ್ ಇಲ್ಲ, ಅರಿಶಿನ ಇಲ್ಲ, ಓಲೆ ತಿರುಗಿಸುವುದೂ ಇಲ್ಲ. ಊತಕ್ಕೆ ಜಾಗ ಇರಲಿ ಅಂತ ಮೊದಲು ಉದ್ದ ಕಡ್ಡಿ ಹಾಕಿರುತ್ತಾರೆ. ಆರು ವಾರದ ಮೇಲೆ ಮತ್ತೆ ಹೋಗಿ ಗಿಡ್ಡ ಕಡ್ಡಿ ಹಾಕಿಸಿಕೊಂಡೆ, 1,500ರ ಆಸುಪಾಸು. ಇದನ್ನು ಉಳಿತಾಯ ಮಾಡಲು ಹೋಗಬೇಡಿ. ಉದ್ದ ಕಡ್ಡಿ ಹೆಲ್ಮೆಟ್ಟಿಗೆ ಸಿಕ್ಕಿ ತೂತು ಓರೆಯಾಗುತ್ತದೆ.

ಶಿವರಾತ್ರಿ ಹೊತ್ತಿಗೆ ಟೋಪಿ ತೆಗೆದೆ. ಇನ್ನಷ್ಟು ದಿನ ಬಿಟ್ಟು, ಮುಟ್ಟಿದರೂ ನೋವಿಲ್ಲ, ಹಕ್ಕಳೆ ಬರುತ್ತಿಲ್ಲ ಅನ್ನುವುದು ಖಾತ್ರಿ ಆದ ಮೇಲೆ ಲೋಹ ತೆಗೆದು ಗಾಜಿನ ಕಡ್ಡಿ ಹಾಕಿದೆ. 700 ರೂಪಾಯಿಗೆ ಒಂದು ಜೊತೆ, ಹಿಂದೆ ರಬ್ಬರಿನ ಸಣ್ಣ ಬಳೆ. ಚರ್ಮದ ಬಣ್ಣ ಅದರೊಳಗಿಂದಲೇ ಕಾಣುತ್ತದೆ. ನೆರಳಿನಲ್ಲಿ ಇಲ್ಲವೇ ಇಲ್ಲ. ಎದುರು ಬಿಸಿಲಿಗೆ ಮಾತ್ರ ಚೂರು ಮಿಂಚುತ್ತದೆ. ಆ ಮಿಂಚು ಕೊಲ್ಲಲು ನಾನು ಒಂದು ಉಪಾಯ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯೆ ತಂಗೂಸಿಯನ್ನೂ ನೋಡಿದೆ. ಮೀನಿನ ಗಾಳಕ್ಕೆ ಕಟ್ಟುವ ದಪ್ಪ ನೈಲಾನ್ ಇದೆಯಲ್ಲ, ಅದನ್ನು ತುಂಡು ಮಾಡಿ ಲೈಟರಿನಲ್ಲಿ ತುದಿ ಕರಗಿಸಿದರೆ ಪುಟ್ಟ ಗುಂಡು ಆಗುತ್ತದೆ. ಹತ್ತು ರೂಪಾಯಿಯೂ ಆಗಲ್ಲ. ಪೂರ್ತಿ ಮಾದ ತೂತಿನಲ್ಲಿ ಒಂದು ರಾತ್ರಿಗೆ ನಡೆಯುತ್ತದೆ. ಕರಗಿದ ತುದಿಯಲ್ಲಿ ಸಣ್ಣ ಮುಳ್ಳು ಉಳಿಯುತ್ತದೆ, ಹಸಿ ಗಾಯಕ್ಕೆ ಹಾಕಿದರೆ ಒಳಗೆ ಗೀರುತ್ತದೆ. ಗಾಜು ಎಷ್ಟೋ ಮೇಲು.

ಜುಮ್ಕಿಯ ಭಾರದ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಆಫೀಸಿನಲ್ಲಿ ಕಾಫಿಯ ಸ್ಯಾಂಪಲ್ ತೂಗುವ ತಕ್ಕಡಿ ಇದೆ. ಸಂಜೆ ಯಾರೂ ಇಲ್ಲದಾಗ ನನ್ನ ಎಲ್ಲ ಓಲೆ ತೂಗಿದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಂಡ ದೊಡ್ಡ ಜುಮ್ಕಿ ಒಂದೊಂದೂ ಹದಿಮೂರು ಗ್ರಾಂ ಹತ್ತಿರ. ಒನ್ ಗ್ರಾಂ ಗೋಲ್ಡ್ ಅನ್ನುವ ಚಿನ್ನದ ಲೇಪದ ಟೊಳ್ಳು ಜುಮ್ಕಿ ಅದರ ಅರ್ಧ, ನೋಡಲು ಎರಡೂ ಒಂದೇ. ಎಂಟು ಗ್ರಾಂ ದಾಟಿದ್ದಕ್ಕೆಲ್ಲ ಮಾಟಿ, ಅಂದರೆ ಓಲೆಯನ್ನು ಮೇಲಿಂದ ಎತ್ತಿ ಹಿಡಿಯುವ ಸರ ಹಾಕುತ್ತೇನೆ. ಆದರೆ ಮಾಟಿಯನ್ನು ವಿಗ್ಗಿನ ಕೂದಲಿಗೆ ಸಿಕ್ಕಿಸಿದರೆ ವಿಗ್ಗೇ ಜಾರಿ ಬರುತ್ತದೆ. ವಿಗ್ಗಿನ ಒಳಗಿನ ಬಲೆಗೆ, ಕಿವಿಯ ಮೇಲ್ಭಾಗದಲ್ಲಿ, ರವಿಕೆಯ ಹುಕ್ಕು ಹೊಲಿದು ಅದಕ್ಕೆ ಸಿಕ್ಕಿಸಿ ನೋಡಿ. ಭಾರವೆಲ್ಲ ವಿಗ್ಗಿನ ಪಟ್ಟಿ ಹೊರುತ್ತದೆ. ಜುಮ್ಕಿ ಹಾಕಿ ಮೊದಲ ಸಲ ತಲೆ ತಿರುಗಿಸಿದಾಗ ಅದು ಕೆನ್ನೆಗೆ ತಾಗಿತು. ಕ್ಲಿಪ್ಪಿನಲ್ಲಿ ಅಷ್ಟು ವರ್ಷ ಸಿಗದ ಸುಖ ಅದು. ಅವತ್ತು ರಾತ್ರಿ ತುಂಬಾ ಹೊತ್ತು ತೆಗೆಯಲಿಲ್ಲ.

ಕ್ಷೌರದ ಅಂಗಡಿಯವರ ಕಣ್ಣು ಮಾತ್ರ ಬಹಳ ಚುರುಕು. ಕಿವಿ ಮಡಚಿ ಹಿಡಿದೇ ಕತ್ತರಿ ಹಾಕುತ್ತಾರಲ್ಲ. ಅಲ್ಲಿಗೆ ಹೋಗುವ ದಿನ ಗಾಜನ್ನೂ ತೆಗೆದು ಬರಿ ತೂತಿನಲ್ಲಿ ಹೋಗುತ್ತೇನೆ. ಒಂದು ಸಲ ಕೇಳಿದರು. ಹಳೆ ಹರಕೆಯದು ಅಂದೆ, ಅಲ್ಲಿಗೆ ಮುಗಿಯಿತು. ಆ ಚಿನ್ನದ ರಿಂಗ್ ಹೀಗೂ ಕೆಲಸಕ್ಕೆ ಬಂತು. ಮನೆಗೆ ಬಂದ ಕೂಡಲೇ ಗಾಜು ವಾಪಸ್ ಹಾಕಬೇಕು. ಮೊದಲ ವರ್ಷ ಒಂದು ರಾತ್ರಿ ಖಾಲಿ ಬಿಟ್ಟರೂ ತೂತು ಬಿಗಿಯುತ್ತದೆ. ಈಗ ಎರಡು ಮೂರು ದಿನ ಬಿಟ್ಟು ನೋಡಿದ್ದೇನೆ, ಸ್ವಲ್ಪ ಎಣ್ಣೆ ಹಚ್ಚಿದರೆ ಹೋಗುತ್ತದೆ. ಎಲ್ಲರ ಮೈ ಒಂದೇ ಥರ ಇರಲ್ಲ, ನಿಮ್ಮದನ್ನು ನೀವೇ ನೋಡಿಕೊಳ್ಳಬೇಕು.

ಹಾಳಾದದ್ದು, ಉಳಿದದ್ದು ಎಲ್ಲ ಸೇರಿ ಹದಿನೈದು ಸಾವಿರ ಆಗಿರಬಹುದು. ನೇರವಾಗಿ ಸೂಜಿ, ಟೈಟಾನಿಯಂ, ಗಾಜು ಅಂತ ಹೋಗಿದ್ದರೆ ಆಗಿನ ದರದಲ್ಲಿ ಏಳು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಗಾಜಿನ ಕಡ್ಡಿ ಕೊಳ್ಳುವಾಗ ಎರಡು ಜೊತೆ ಕೊಳ್ಳಿ. ಬಚ್ಚಲಿನ ನೆಲಕ್ಕೆ ಬಿದ್ದರೆ ಒಡೆಯುತ್ತದೆ, ಪಾರ್ಸೆಲ್ ನಮ್ಮ ಕಡೆಗೆ ಬರಲು ವಾರ ಹಿಡಿಯುತ್ತದೆ. ರಬ್ಬರಿನ ಬಳೆಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಾಯಿಸಿ, ಇಲ್ಲದಿದ್ದರೆ ಅದರಡಿಯ ಚರ್ಮ ಬೆಳ್ಳಗೆ ನೆನೆದು ವಾಸನೆ ಬರುತ್ತದೆ.