ಫ್ಲೈಟ್ ಎಷ್ಟು ದೂರ, ಎಷ್ಟು ಹೊತ್ತು? ಮನೇಲೇ ಕೂತು ಲೆಕ್ಕ ಹಾಕೋದು ಹೀಗೆ

ನಮ್ಮ ಭಾವ ದುಬೈಲಿ ಇರೋದು. ಆಯಿ ಮೊದಲ ಸಲ ಅಲ್ಲಿಗೆ ಹೊರಟಾಗ ಟಿಕೆಟಲ್ಲಿ ಮಂಗಳೂರು ಬಿಡೋದು 8 ಗಂಟೆ, ದುಬೈ ಮುಟ್ಟೋದು 10.15 ಅಂತ ಇತ್ತು. "ಎರಡೂಕಾಲು ತಾಸಾ? ಹೊನ್ನಾವರದಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗೂಕೇ ಇದಕ್ಕಿಂತ ಜಾಸ್ತಿ ಬೇಕು" ಅಂತ ದೋಸೆ ಕಟ್ಕೊಳ್ಳೋದನ್ನೂ ಬಿಟ್ಟಳು, ಆಮೇಲೆ ವಿಮಾನದಲ್ಲಿ ಹಸಿವಾಗಿ ನನಗೇ ಬೈದಳು. ಟಿಕೆಟಲ್ಲಿ ಹಾಕೋದು ಆಯಾ ಊರಿನ ಗಡಿಯಾರದ ಟೈಮು ಮಾರಾಯ್ರೆ, ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಹೋಗುವಾಗ ಅದನ್ನ ಕೂಡಿಸ್ಬೇಕು, ಬರುವಾಗ ಕಳೀಬೇಕು. ಅಂದ್ರೆ ಆಯಿ ಪ್ರಯಾಣ ಮೂರೂಮುಕ್ಕಾಲು ತಾಸು.

ಈಗ ದೂರ. ಗೂಗಲ್ ಮ್ಯಾಪಲ್ಲಿ ಏರ್‌ಪೋರ್ಟ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಅಕ್ಷಾಂಶ ರೇಖಾಂಶ ಸಿಗ್ತದೆ. ಹುಬ್ಬಳ್ಳಿ 15.36, 75.08. ಬೆಂಗಳೂರು 13.20, 77.71. ಅಕ್ಷಾಂಶದ ವ್ಯತ್ಯಾಸ 2.16, ಒಂದು ಡಿಗ್ರಿಗೆ 111 ಕಿಮೀ, ಸೋ 240. ರೇಖಾಂಶದ್ದು 2.63, ಆದ್ರೆ ರೇಖಾಂಶಗಳು ಉತ್ತರಕ್ಕೆ ಹೋದಹಾಗೆ ಹತ್ತಿರ ಆಗ್ತಾ ಹೋಗ್ತಾವೆ, ನಮ್ಮ ಕಡೆ ಒಂದು ಡಿಗ್ರಿಗೆ 107 ಹಿಡೀರಿ, 281 ಆಯ್ತು. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೀರಿ, ಹೈಸ್ಕೂಲಿನ ಪೈಥಾಗೊರಸ್ಸೇ. ಬರೋದು 370 ಕಿಮೀ.

ದೂರದ ಊರಿಗೆ ಇದು ಸರಿ ಬರೂದಿಲ್ಲ, ಭೂಮಿ ಉರುಟು ಇದೆಯಲ್ಲ. ಆಗ ಪಿನ್ ಹಾಕಿ, ಕೆಳಗೆ ಮೆಜರ್ ಡಿಸ್ಟೆನ್ಸ್ ಒತ್ತಿ ಮ್ಯಾಪನ್ನ ಆ ಊರಿಗೆ ಎಳೀರಿ, ಅದೇ ಹೇಳ್ತದೆ. ಮಂಗಳೂರು-ದುಬೈ ಸುಮಾರು 2,460 ಕಿಮೀ. ಎಲ್ಲಾದ್ರೂ ನಾಟಿಕಲ್ ಮೈಲಿ ಅಂತ ಇದ್ರೆ 1.852ರಿಂದ ಗುಣಿಸಿ.

ಟೈಮಿಗೆ, ದೊಡ್ಡ ಜೆಟ್ ಆದ್ರೆ ತಾಸಿಗೆ 800 ಕಿಮೀ, ರೆಕ್ಕೆಗೆ ಫ್ಯಾನ್ ಇರೋ ಎಟಿಆರ್ ಆದ್ರೆ 500. ಭಾಗಿಸಿ ಬಂದದ್ದಕ್ಕೆ ರನ್‌ವೇಲಿ ಓಡಾಡೋದು, ಏರೋದು, ಇಳಿಯೋದು ಅಂತ ಅರ್ಧ ತಾಸು ಸೇರಿಸಿ, ಸಣ್ಣ ಎಟಿಆರಿಗೆ 20-25 ನಿಮಿಷ ಸಾಕು. ಹುಬ್ಬಳ್ಳಿ-ಬೆಂಗಳೂರು ಎಟಿಆರಲ್ಲಿ 45 ನಿಮಿಷ ಪ್ಲಸ್ 25, ಒಂದು ತಾಸು ಹತ್ತು ನಿಮಿಷ. ದುಬೈಗೆ ಈ ಲೆಕ್ಕದಲ್ಲಿ ಮೂರು ತಾಸು 35 ನಿಮಿಷ ಬರ್ತದೆ, ಆಯಿ ಟಿಕೆಟಿಗಿಂತ ಹತ್ತೇ ನಿಮಿಷ ಕಮ್ಮಿ. ಮೇಲೆ ಗಾಳಿ ಜಾಸ್ತಿ ಪಶ್ಚಿಮದಿಂದ ಬೀಸೋದು, ಹಾಗಾಗಿ ಹೋಗುವಾಗ ಎದುರುಗಾಳಿ, ವಾಪಸ್ ಬರುವಾಗ ಬೇಗ ಮುಟ್ತದೆ.

ಆದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಆಕಾಶಕ್ಕಿಂತ ರಸ್ತೆ ಲೆಕ್ಕವೇ ದೊಡ್ಡದು. ಅಂಕೋಲಾದ ಅಲಗೇರಿಲಿ ಏರ್‌ಪೋರ್ಟ್ ಆಗ್ತದೆ ಅಂತ ಕೇಳ್ತಾನೇ ಇದೀವಿ, ಅಲ್ಲೀವರೆಗೆ ಶಿರಸಿಯವರಿಗೆ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಅಂಕೋಲಾದಿಂದ ಹುಬ್ಬಳ್ಳಿಗೆ ಹೊರಟ್ರೆ ಅರಬೈಲ್ ಘಾಟಿದೆ, ಮಳೆಗಾಲದಲ್ಲಿ ಒಂದು ತಾಸು ಮೊದಲೇ ಮನೆ ಬಿಡಿ. ಗೋವಾದಲ್ಲಿ ಎರಡು ಏರ್‌ಪೋರ್ಟ್ ಇದೆ, ಟಿಕೆಟ್ ಮಾಡುವಾಗ ಕೋಡ್ ನೋಡಿ: ಜಿಓಐ ಅಂದ್ರೆ ದಾಬೋಲಿ, ಜಿಓಎಕ್ಸ್ ಅಂದ್ರೆ ಉತ್ತರ ತುದಿಯ ಮೋಪಾ. ಎರಡು ಸಾವಿರ ಉಳೀತು ಅಂತ ಮೋಪಾಕ್ಕೆ ಬುಕ್ ಮಾಡಿ, ಇಡೀ ಗೋವಾ ದಾಟಿ ಮೋಪಾ ಇರೋ ಪೆಡ್ನೆವರೆಗೆ ಟ್ಯಾಕ್ಸಿಗೆ ಸುರಿದವ ನಾನೇ.