ಹಳೇ ಕೋರ್ಟು ಕಟ್ಟಡ ನೋಡುವುದು ಹೇಗೆ

ಕೋಲಾರದಲ್ಲಿ ಕೋರ್ಟಿನ ಎದುರು, ಹೊಂಗೆ ಮರದ ಕೆಳಗೆ ಮೂವತ್ತು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಅಫಿಡವಿಟ್ಟು ಹೊಡೆದವನು ನಾನು. ಕೇಸು ಕೂಗುವವರೆಗೆ ಕಕ್ಷಿದಾರರು ಕಾಯುತ್ತಿದ್ದರು, ನಾನು ಕಟ್ಟಡ ನೋಡುತ್ತಿದ್ದೆ. ತಾಲ್ಲೂಕುಗಳಿಗೆ ಹೋದಾಗಲೂ ಅದೇ ಚಾಳಿ.

ಹೋದ ತಕ್ಷಣ ಮುಂಭಾಗದ ಫೋಟೊ ತೆಗೆಯಬೇಡಿ. ಅದಕ್ಕೆ ಎಷ್ಟು ಸಲ ಬಣ್ಣ ಬಳಿದಿದ್ದಾರೋ! ಕಿಟಕಿ ಹತ್ತಿರ ಹೋಗಿ ಗೋಡೆಯ ದಪ್ಪಕ್ಕೆ ಗೇಣು ಹಾಕಿ. ಎರಡು ಗೇಣು ಮೀರಿದರೆ ಸುಣ್ಣದ ಗಾರೆಯ ಗೋಡೆಯೇ ಇದ್ದೀತು. ಗಿಲಾವು ಉದುರಿದ ಕಡೆ ಬೆರಳಾಡಿಸಿ, ಬಿಳಿ ಪುಡಿ ಅಂಟುತ್ತೆ. ಕಲಾಪ ನಡೀತಿದ್ದರೆ ಮಾತ್ರ ಮೊಬೈಲು ಜೇಬಲ್ಲೇ ಇರಲಿ.

ಈಗ ತಲೆ ಎತ್ತಿ. ಮದ್ರಾಸ್ ತಾರಸಿ ಕಂಡರೆ ನಿಮ್ಮ ಪುಣ್ಯ. ತೇಗದ ತೊಲೆ, ಅದರ ಮೇಲೆ ಜಂತೆ. ಜಂತೆ ಮೇಲೆ ಒಂದಂಗುಲ ದಪ್ಪದ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಸಿ, ಬೆಲ್ಲ ಅಳಲೆಕಾಯಿ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿಯುತ್ತಿದ್ದರು. ತೊಲೆಯಲ್ಲಿ ಕೊಕ್ಕೆಗಳಿದ್ದರೆ ಬಟ್ಟೆ ಪಂಖಾ ತೂಗಿದ ಜಾಗ ಇರಬಹುದು. ಕರೆಂಟಿಲ್ಲದ ಕಾಲದಲ್ಲಿ ಹೊರಗೆ ಕೂತು ಹಗ್ಗ ಎಳೆಯೋಕೆ ಒಬ್ಬ ಆಳು.

ಸರಳು ಹಾಕಿದ ಸಣ್ಣ ಕೋಣೆಯೊಂದು ಇದ್ದರೆ ಖಜಾನೆಯಾಗಿತ್ತೇ ಅಂತ ಕೇಳಿ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು, ಕೋಲಾರ ಸೇರಿದ್ದು ನಂದಿದುರ್ಗ ವಿಭಾಗಕ್ಕೆ. ತಾಲ್ಲೂಕಿನಲ್ಲಿ ಅಮಲ್ದಾರರೇ (ಈಗಿನ ತಹಶೀಲ್ದಾರರ ಹಾಗೆ) ಕಂದಾಯಕ್ಕೂ ಸೈ, ನ್ಯಾಯಕ್ಕೂ ಸೈ. ಎಲ್ಲ ಒಂದೇ ಸೂರಿನಡಿ ಸೇರಿಸೋದು ಆಗಿನ ರೂಢಿ. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ, ಈಗ ಹೈಕೋರ್ಟಿರುವ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಅನ್ನೋ ಹೆಸರು ಬಂದದ್ದೂ ಹದಿನೆಂಟು ಇಲಾಖೆ ಒಟ್ಟಿಗೆ ಕೂತಿದ್ದರಿಂದಲೇ.

ಹಂಚಿನ ಮಾಡಾದರೆ, ಬಿದ್ದ ಹಂಚು ತಿರುವಿ ಮುದ್ರೆ ಓದಿ. ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ; ಮೊದಲ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಆದರೆ ಹಂಚು ನಂಬಿ ಕಟ್ಟಡಕ್ಕೆ ವಯಸ್ಸು ಹೇಳಬೇಡಿ. ಒಡೆದಾಗೆಲ್ಲ ಬದಲಾಯಿಸಿರುತ್ತಾರೆ.

ಕಟಕಟೆ ಮುಟ್ಟದೆ ಬರಬೇಡಿ. ನಾನು ಕಂಡ ಒಂದರ ಅಡ್ಡಪಟ್ಟಿ ಎಡಗಡೆ ಮಾತ್ರ ಸವೆದು ನುಣ್ಣಗಾಗಿತ್ತು. ಬಲಗೈ ಪ್ರಮಾಣಕ್ಕೆ ಎತ್ತಿರುತ್ತಲ್ಲ!

ಕೊನೆಗೆ ಗೋಡೆಯ ಬುಡ ನೋಡಿ. ನಾನು ಕೂರುತ್ತಿದ್ದ ಕಡೆ ಒಬ್ಬ ಗುತ್ತಿಗೆದಾರ ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದ. ಒಳಗಿನ ತೇವಕ್ಕೆ ದಾರಿಯಿಲ್ಲದೆ ಎರಡೇ ಮಳೆಗಾಲಕ್ಕೆ ಗೋಡೆ ಉಬ್ಬಿ, ಹಪ್ಪಳದ ಹಾಗೆ ಕಳಚಿ ನನ್ನ ಕಾರ್ಬನ್ ಹಾಳೆಗಳ ಮೇಲೇ ಬಿತ್ತು. ಅಂಥ ಉಬ್ಬು ಕಂಡರೆ ಅದರದ್ದೊಂದು ಫೋಟೊ ತೆಗೀರಿ. ಆಮೇಲೆ ಬೇಕಾದರೆ ಮುಂಭಾಗದ್ದು.