ಮುಂಬಯಿಯಲ್ಲಿ ಬಿಎಫ್‌ಎ: ಯಾಕೆ ಸೇರಬೇಕು, ಹೇಗೆ ತಯಾರಾಗಬೇಕು

ಚಿತ್ರ ಬಿಡಿಸುವುದನ್ನು ಮನೆಯಲ್ಲೇ ಕಲಿಯಬಹುದಲ್ಲ, ಅದಕ್ಕೆ ಬಿಎಫ್‌ಎ ಎಂಬ ನಾಲ್ಕು ವರ್ಷದ ಲಲಿತಕಲೆಯ ಪದವಿ ಯಾಕೆ? ಹನ್ನೆರಡನೆಯ ತರಗತಿ ಮುಗಿಯುವ ಹೊತ್ತಿಗೆ ಮುಂಬಯಿಯ ಕನ್ನಡ ಮನೆಗಳಲ್ಲಿ ಏಳುವ ಈ ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ಆಗದ್ದು ಯಾವುದು ಎಂದು ಮೊದಲು ನೋಡಿ.

ಲೋಹದ ತಗಡಿನಿಂದ ಚಿತ್ರದ ಅಚ್ಚು ತೆಗೆಯುವ ಎಚಿಂಗ್ ತೆಗೆದುಕೊಳ್ಳಿ. ಜಿಂಕ್ ತಗಡಿಗೆ ಆಮ್ಲ ತಾಗದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಅದ್ದಬೇಕು. ಗೀಚಿದ ಕಡೆ ಮಾತ್ರ ತಗಡು ಸವೆಯುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಭಾರದ ಪ್ರೆಸ್‌ನಲ್ಲಿ ಹಾಯಿಸಬೇಕು. ಆಮ್ಲದ ಹೊಗೆ, ಪ್ರೆಸ್ಸಿನ ತೂಕ ಎರಡೂ ಒಂದು ಕೋಣೆ-ಅಡುಗೆಮನೆಯಲ್ಲಿ ಹಿಡಿಸುವಂಥದ್ದಲ್ಲ. ಕುಲುಮೆ, ಎರಕ, ಜೀವಂತ ಮಾಡೆಲ್ ಎದುರಿನ ಅಭ್ಯಾಸ ಕೂಡ ಹೀಗೆಯೇ. ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಕೆಲಸವನ್ನು ದಿನವೂ ನೋಡಿ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುವ ಕಣ್ಣುಗಳು. ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೂ ಮುಂಬಯಿಯಲ್ಲಿ 1857ರಲ್ಲಿ ಶುರುವಾದ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಮುಂದೆ ಅಲ್ಲೇ ಕಲಿಸಿದರು.

ಸಾಫ್ಟ್‌ವೇರ್ ಮಾತ್ರ ಬೇಕೆನ್ನುವವರಿಗೆ ಸಣ್ಣ ಕೋರ್ಸ್ ಸಾಕು, ಪದವಿ ಬೇಡ. ಜಾಹೀರಾತು, ಪುಸ್ತಕ ವಿನ್ಯಾಸದ ಕಡೆ ಮನಸ್ಸಿದ್ದರೆ ಅಪ್ಲೈಡ್ ಆರ್ಟ್ ನೋಡಿ. ಶಿಲ್ಪ ಕಲಿತವರಿಗೆ ಗೋರೆಗಾಂವ್‌ನ ಸಿನಿಮಾ ಸೆಟ್‌ಗಳವರೆಗೂ ದಾರಿ ಇದೆ. ಅರ್ಜಿ ಹಾಕುವ ಮುಂಚೆ ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಹೋಗಿ, ಸ್ಟುಡಿಯೋ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ, ಪ್ರೆಸ್ ನಡೆಯುತ್ತಿದೆಯೇ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಪ್ರೆಸ್‌ಗೆ ಬೀಗ ಹಾಕಿದ್ದರೆ ಆ ಕಾಲೇಜಿಗೆ ಸೇರಲು ಅರ್ಧ ಕಾರಣ ಹೋದಂತೆ.

ಮಹಾರಾಷ್ಟ್ರದಲ್ಲಿ ಬಿಎಫ್‌ಎಗೆ ರಾಜ್ಯ ಸಿಇಟಿ ಸೆಲ್‌ನ ಎಎಸಿ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ. ಜೆ.ಜೆ. 2023ರಲ್ಲಿ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಮಾನ್ಯತೆ ಪಡೆದ) ವಿಶ್ವವಿದ್ಯಾಲಯವಾಗಿರುವುದರಿಂದ ಅದರ ಪ್ರಕಟಣೆಯನ್ನು ಬೇರೆಯಾಗಿಯೇ ನೋಡಿಕೊಳ್ಳಿ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳನ್ನು ಶಾಲೆಯಲ್ಲೇ ಮುಗಿಸಿದ್ದರೆ ಕೈ ಆಗಲೇ ಪಳಗಿರುತ್ತದೆ.

ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆಯುವ ಆಬ್ಜೆಕ್ಟ್ ಡ್ರಾಯಿಂಗ್‌ನಲ್ಲಿ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್, 15x22 ಇಂಚಿನ ಹಾಫ್ ಇಂಪೀರಿಯಲ್ ಹಾಳೆ ಇದ್ದರೆ ಅಭ್ಯಾಸಕ್ಕೆ ಸಾಕು. ಒಂದು ಹಿತ್ತಾಳೆ ತಂಬಿಗೆ, ಒಂದು ಈರುಳ್ಳಿ, ಮಡಚಿದ ಬಟ್ಟೆ ಜೋಡಿಸಿ, ಒಂದೇ ಕಡೆಯಿಂದ ಬೆಳಕು ಬೀಳುವಂತೆ ಮಾಡಿ. ಗುಂಪು ಹಾಳೆಯ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಬರಬೇಕೆಂದು ನಾಲ್ಕೂ ಬದಿ ಗುರುತು ಹಾಕಿಕೊಳ್ಳಿ. ತೋಳು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್‌ನಿಂದ ಈರುಳ್ಳಿಯ ಎತ್ತರ ಅಳೆಯಿರಿ. ತಂಬಿಗೆ ಎಷ್ಟು ಈರುಳ್ಳಿ ಎತ್ತರವಿದೆ ಎಂದು ಲೆಕ್ಕ ಹಾಕಿ. ಮೊಣಕೈ ಮಡಚಿದರೆ ಅಳತೆ ಪ್ರತಿ ಸಲವೂ ಬದಲಾಗುತ್ತದೆ. ತಂಬಿಗೆಗೆ ನಡುಗೆರೆ ಎಳೆದೇ ಎರಡು ಬದಿ ಬರೆಯಿರಿ, ಇಲ್ಲದಿದ್ದರೆ ಅದು ವಾಲುತ್ತದೆ.

ಬಾಯಿ ಮತ್ತು ತಳದ ಅಂಡಾಕಾರಗಳಲ್ಲಿ ಪರೀಕ್ಷಕರ ಕಣ್ಣಿಗೆ ತಪ್ಪು ತಕ್ಷಣ ಬೀಳುತ್ತದೆ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅಂಡಾಕಾರ ಅಗಲವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಮೇಜಿನ ಮೇಲಿನ ತಂಬಿಗೆಯ ಬಾಯಿಗಿಂತ ತಳದ ಬಾಗು ಹೆಚ್ಚಿರಬೇಕು. ಮೇಜು ಚಪ್ಪಟೆ ಎಂದು ಗೊತ್ತಿರುವುದರಿಂದ ಹೊಸಬರು ತಳವನ್ನು ನೇರ ಗೆರೆಯಲ್ಲಿ ಮುಗಿಸುತ್ತಾರೆ. ಆಗ ತಂಬಿಗೆ ಮೇಜಿನ ಮೇಲೆ ಕೂತಂತೆ ಕಾಣುವುದೇ ಇಲ್ಲ. ನೆರಳಿಗೆ ಕಣ್ಣು ಕಿರಿದಾಗಿಸಿ ನೋಡಿ, ಮೊದಲು ಮೂರೇ ಛಾಯೆ ಹಾಕಿ. ಹಿತ್ತಾಳೆಯ ಹೊಳಪಿಗೆ ಹಾಳೆಯ ಬಿಳುಪನ್ನು ಬಿಡಿ. ಆಮೇಲೆ ರಬ್ಬರ್‌ನಲ್ಲಿ ತೆಗೆದರೆ ಮಸುಕಾಗುತ್ತದೆ.

ನೆನಪಿನಿಂದ ಬರೆಯುವ ಮೆಮರಿ ಡ್ರಾಯಿಂಗ್‌ಗೆ ದಾದರ್ ಮಾರುಕಟ್ಟೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ, ಮನೆಗೆ ಬಂದು ಬರೆಯಿರಿ, ಮರುದಿನ ಅಲ್ಲೇ ಹೋಗಿ ತಾಳೆ ನೋಡಿ. ಸಮತಟ್ಟಾದ ನೆಲದಲ್ಲಿ ನಿಮ್ಮಷ್ಟೇ ಎತ್ತರದವರು ದೂರವಿರಲಿ ಹತ್ತಿರವಿರಲಿ, ಅವರ ಕಣ್ಣುಗಳು ಕಣ್ಣಿನ ಮಟ್ಟದ ಗೆರೆಯಲ್ಲೇ ಬರುತ್ತವೆ. ಮೇಲೆ ಕೆಳಗೆ ಆಗುವುದು ಪಾದ ಮಾತ್ರ. ಇದು ತಪ್ಪಿದರೆ ಜನ ಗಾಳಿಯಲ್ಲಿ ತೇಲುತ್ತಾರೆ.

ವಿನ್ಯಾಸದ ಪತ್ರಿಕೆಗೆ ಪೋಸ್ಟರ್ ಬಣ್ಣ ಕಡೆದ ಮಜ್ಜಿಗೆಯ ಹದದಲ್ಲಿರಲಿ. ನೀರು ಹೆಚ್ಚಾದರೆ ಪಟ್ಟೆ ಮೂಡುತ್ತದೆ, ಕಡಿಮೆಯಾದರೆ ಒಣಗಿ ಬಿರಿಯುತ್ತದೆ. ಬೇಕಾದ ಬಣ್ಣವನ್ನು ಒಮ್ಮೆಗೇ ಸಾಕಷ್ಟು ಕಲಸಿಟ್ಟುಕೊಳ್ಳಿ. ನಡುವೆ ಮತ್ತೆ ಕಲಸಿದರೆ ಅದೇ ಛಾಯೆ ಬರುವುದು ಕಷ್ಟ.